ಕಥೆ ಮುಗಿದ ಮೇಲಿನ ಖಾಲಿತನ

ಪರೀಕ್ಷೆ ಮುಗಿದರೆ ಮಕ್ಕಳು ಕುಣಿಯುತ್ತಾರೆ. ಶಾಲೆ ಬಿಟ್ಟರೆ ಚೀಲ ಎಸೆದು ಓಡುತ್ತಾರೆ. ಆದರೆ ತಿಂಗಳುಗಟ್ಟಲೆ ಓದಿದ ಮಾಯಾಲೋಕದ ಕಥೆಯೊಂದು ಮುಗಿದಾಗ ಅದೇ ಮಕ್ಕಳು ಮೂಲೆ ಹಿಡಿದು ಕೂರುತ್ತಾರೆ. ಕರೆದರೆ ಓಗೊಡುವುದಿಲ್ಲ, ಊಟಕ್ಕೆ ಬಂದರೂ ತಟ್ಟೆಯಲ್ಲಿ ಗೆರೆ ಎಳೆಯುತ್ತಾರೆ. ‘ಕಥೆ ತಾನೇ, ಅದಕ್ಯಾಕೆ ಇಷ್ಟು?’ ಎಂದು ದೊಡ್ಡವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಬದುಕಿನ ಬಹುಭಾಗವನ್ನು ಬ್ಯಾಂಕಿನ ಲೆಡ್ಜರುಗಳ ನಡುವೆ ಕಳೆದು, ಎಪ್ಪತ್ತು ದಾಟಿದ ನನಗೂ ಆ ಸಂಕಟದ ರುಚಿ ಗೊತ್ತು.

ಬೇಸಿಗೆ ರಜೆಗೆ ನಮ್ಮ ಹಿರೋಳ್ಳಿಗೆ ಬಂದಿದ್ದ ಮೊಮ್ಮಗಳು ಹ್ಯಾರಿ ಪಾಟರ್ ಸರಣಿಯ ಏಳನೆಯ ಪುಸ್ತಕವನ್ನು ಇಲ್ಲೇ ಮುಗಿಸಿದಳು. ಕೊನೆಯ ನೂರು ಪುಟಗಳನ್ನು ದಿನಕ್ಕೆ ಹತ್ತರಂತೆ ಎಳೆದೆಳೆದು ಓದಿದ್ದಳು, ಬೆಲ್ಲದ ಚೂರನ್ನು ಬಾಯಲ್ಲಿಟ್ಟು ಕರಗಲು ಬಿಟ್ಟ ಹಾಗೆ. ಕಡೆಗೂ ಮುಗಿಯಿತು. ಪುಸ್ತಕವನ್ನು ಎದೆಗೆ ಒತ್ತಿಕೊಂಡು, ‘ಮುತ್ಯಾ, ಇನ್ನ ನಾ ಏನ್ ಓದ್ಲಿ?’ ಎಂದು ಕೇಳಿದಳು. ಓದಲು ಪುಸ್ತಕ ಇಲ್ಲವೆಂದಲ್ಲ ಆ ಪ್ರಶ್ನೆ. ಮನೆಯಲ್ಲಿ ಪುಸ್ತಕ ಬೇಕಾದಷ್ಟಿವೆ. ಅವಳ ಜೊತೆಗಾರರು ಹೊರಟುಹೋಗಿದ್ದರು, ಅದು ಅವಳ ಸಂಕಟ.

ಈ ಸರಣಿಯ ಮೊದಲ ಪುಸ್ತಕ ಬಂದದ್ದು 1997ರ ಜೂನ್ 26ರಂದು, ಕೊನೆಯದು 2007ರ ಜುಲೈ 21ರಂದು. ಲೇಖಕಿ ಜೆ.ಕೆ. ರೋಲಿಂಗ್ ಅವರ ಏಳೂ ಪುಸ್ತಕಗಳು ಹೊರಬರಲು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷ ಓದುಗರೂ ಕಥೆಯ ಹುಡುಗನ ಜೊತೆಗೇ ಬೆಳೆದರು. ಹನ್ನೊಂದನೆಯ ವಯಸ್ಸಿಗೆ ಮೊದಲ ಪುಸ್ತಕ ಹಿಡಿದವರು ಕೊನೆಯ ಪುಸ್ತಕದ ಹೊತ್ತಿಗೆ ಇಪ್ಪತ್ತೊಂದು ದಾಟಿದ್ದರು. ಅವರಿಗೆ ಕಥೆಯೂ ಬಾಲ್ಯವೂ ಒಟ್ಟಿಗೇ ಮುಗಿದ ಹಾಗಾಯಿತು. ನನ್ನ ಮೊಮ್ಮಗಳು ಏಳನ್ನೂ ಒಂದೂವರೆ ವರ್ಷದಲ್ಲಿ ಓದಿದವಳು. ಆದರೂ ಆ ವಯಸ್ಸಿಗೆ ಒಂದೂವರೆ ವರ್ಷವೆಂದರೆ ಸಣ್ಣ ಅವಧಿಯೇ?

ಗಡಿಯ ಊರಿಗೆ ಬಂದ ಚಂದಮಾಮ

ನಮ್ಮ ಕಾಲಕ್ಕೆ ಹ್ಯಾರಿ ಪಾಟರ್ ಇರಲಿಲ್ಲ, ‘ಚಂದಮಾಮ’ ಇತ್ತು. ಮದ್ರಾಸಿನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಸೇರಿ 1947ರ ಜುಲೈಯಲ್ಲಿ ತೆಲುಗು ಹಾಗೂ ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. 1952ರಲ್ಲಿ ಮರಾಠಿಗೆ ಹೋಯಿತು, ಅಲ್ಲಿ ಅದರ ಹೆಸರು ‘ಚಾಂದೋಬಾ’. ಆಳಂದ ತಾಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಇಲ್ಲಿಂದ ಮುಂದಕ್ಕೆ ಹೋದರೆ ಅಕ್ಕಲಕೋಟ ತಾಲೂಕು. ಹೀಗಾಗಿ ನಮ್ಮ ಕಡೆ ಒಂದೇ ಕಥೆ ಎರಡು ಭಾಷೆಯಲ್ಲಿ ಓಡಾಡುತ್ತಿತ್ತು. ಕನ್ನಡದ ಸಂಚಿಕೆ ತಪ್ಪಿದರೆ ಮರಾಠಿಯದನ್ನು ತಂದು ಚಿತ್ರ ನೋಡಿ ಕಥೆ ಊಹಿಸುತ್ತಿದ್ದೆವು. ಭಾಷೆ ಬೇರೆಯಾದರೂ ಚಿತ್ರಗಳು ಅವೇ ಇದ್ದವು.

ಆ ಪತ್ರಿಕೆಯ ಜೀವಾಳವೆಂದರೆ ಜಾನಪದ ಮಾದರಿಯ ಸಾಹಸ ಧಾರಾವಾಹಿಗಳು. ಮಾಂತ್ರಿಕರು, ವಿಚಿತ್ರ ಮೃಗಗಳು, ದಾಟಲಾಗದ ಕಣಿವೆಗಳು, ಪಾಳುಬಿದ್ದ ಕೋಟೆಗಳು. ಪ್ರತಿ ಕಂತು ನಾಯಕ ಕತ್ತಲೆಗೆ ಕಾಲಿಡುವ ಕಡೆಯೇ ನಿಲ್ಲುತ್ತಿತ್ತು. ಮುಂದೇನಾಯಿತು ಎಂದು ತಿಳಿಯಲು ಒಂದು ತಿಂಗಳು ಕಾಯಬೇಕು. ಇವನ್ನು ಬರೆದವರು ಯಾರೆಂದು ನಮಗೆ ಗೊತ್ತಿರಲಿಲ್ಲ. ಆಗ ಧಾರಾವಾಹಿಗೆ ಲೇಖಕರ ಹೆಸರು ಹಾಕುತ್ತಿರಲಿಲ್ಲ. ಅವುಗಳಲ್ಲಿ ಬಹುಪಾಲನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ ಎಂದು ತಿಳಿದದ್ದು ನನ್ನ ತಲೆ ನರೆತ ಮೇಲೆ. 1954ರಲ್ಲಿ ಆರಂಭವಾದ ‘ತೋಕಚುಕ್ಕ’ದಿಂದ ಹಿಡಿದು ‘ರಾಕಾಸಿ ಲೋಯ’, ‘ಪಾತಾಳ ದುರ್ಗಂ’, ‘ಮಾಯಾ ಸರೋವರಂ’ ತನಕ ಅವರು ಒಂದರ ಹಿಂದೆ ಒಂದರಂತೆ ಬರೆಯುತ್ತಲೇ ಹೋದರು. 2010ರಲ್ಲಿ ತೀರಿಕೊಂಡರು. ಆ ಲೋಕಕ್ಕೆ ಕಣ್ಣು ಮೂಗು ಕೊಟ್ಟವರು ‘ಚಿತ್ರಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಟಿ.ವಿ. ರಾಘವನ್. ಅವರು ಬಿಡಿಸಿದ ಮಾಂತ್ರಿಕನ ಮುಖ ರಾತ್ರಿ ಕಂದೀಲಿನ ಬೆಳಕಲ್ಲಿ ಅಲುಗಿದ ಹಾಗೆ ಕಾಣುತ್ತಿತ್ತು.

ನಮ್ಮ ಊರಿಗೆ ಬರುತ್ತಿದ್ದ ಚಂದಮಾಮ ಒಂದೇ ಪ್ರತಿ, ನಮ್ಮ ಮಾಸ್ತರರದು. ಅದು ಮನೆಯಿಂದ ಮನೆಗೆ ಸುತ್ತಿ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಮೂಲೆಗಳೆಲ್ಲ ಮಡಚಿ, ಎಣ್ಣೆ ಕಲೆ ಬಿದ್ದು, ನಡುವಿನ ಹಾಳೆ ಸಡಿಲಾಗಿರುತ್ತಿತ್ತು. ನನಗಿಂತ ಐದು ವರ್ಷ ಹಿರಿಯಳಾದ ಅಕ್ಕ ಅದನ್ನು ದನಿ ಎತ್ತಿ ಓದುತ್ತಿದ್ದಳು. ಅವಳು ಕಲಿತದ್ದು ನಾಲ್ಕನೇ ಇಯತ್ತೆ. ಶಾಲೆ ಬಿಡಿಸಿದ ಮೇಲೆ ಅವಳ ಕೈಗೆ ಸಿಗುತ್ತಿದ್ದ ಅಕ್ಷರವೆಂದರೆ ತಿಂಗಳಿಗೊಮ್ಮೆ ಬರುವ ಆ ಪುಸ್ತಕ ಮಾತ್ರ. ತೊಗರಿ ಕೇರುತ್ತ ಕೂತ ಅವ್ವ, ‘ಆ ಮಾಂತ್ರಿಕ ಸತ್ತನೋ ಇಲ್ಲೋ, ಅದಷ್ಟು ಹೇಳ’ ಎನ್ನುತ್ತಿದ್ದಳು. ಅಕ್ಕ ಹೇಳುತ್ತಿರಲಿಲ್ಲ. ಕಂತನ್ನು ಕಂತಿನ ಲೆಕ್ಕದಲ್ಲೇ ಓದುವುದು ಅವಳ ನೇಮ.

ಕಥೆ ಅರ್ಧ ದಾರಿಯಲ್ಲಿದ್ದಾಗ ಅಕ್ಕನ ಮದುವೆಯಾಯಿತು. ಗಡಿಯ ಆಚೆಗಿನ ಹಳ್ಳಿಗೆ ಹೋದಳು. ಅಲ್ಲಿ ಕನ್ನಡ ಮಾತಾಡುವವರು ಇದ್ದರು, ಕನ್ನಡ ಪುಸ್ತಕ ಇರಲಿಲ್ಲ. ನೆರೆಮನೆಯ ಹುಡುಗರ ಬಳಿ ಚಾಂದೋಬಾ ಇತ್ತು. ಅದೇ ಚಿತ್ರಗಳನ್ನು ನೋಡಿ, ಕೆಳಗಿನ ಮರಾಠಿ ಸಾಲಿಗೆ ಬೆರಳಿಟ್ಟು, ಗೊತ್ತಿದ್ದ ಕಥೆಯ ಬಲದಿಂದ ಗೊತ್ತಿಲ್ಲದ ಲಿಪಿಯನ್ನು ಅವಳು ಕಲಿತಳು. ಪಂಚಮಿಗೆ ಬಂದಾಗ ನಾನು ಕನ್ನಡದಲ್ಲಿ ಓದಿದ್ದನ್ನೂ ಅವಳು ಮರಾಠಿಯಲ್ಲಿ ಓದಿದ್ದನ್ನೂ ಎದುರುಬದುರು ಕೂತು ತಾಳೆ ನೋಡಿದೆವು. ಎಲ್ಲವೂ ಕೂಡಿಬಂತು.

ಕೊನೆಯ ಕಂತನ್ನು ಮಾತ್ರ ನಾವು ಬೇರೆ ಬೇರೆ ಊರಿನಲ್ಲಿ ಓದಿದೆವು. ನಾಯಕರು ಗೆದ್ದು ಮನೆಗೆ ಮರಳಿದರು. ಸಂತೋಷ ಪಡಬೇಕಾದ ಸಂಗತಿ. ನಾನು ದನದ ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ. ಎಂಟು ದಿನ ಬಿಟ್ಟು ಅಕ್ಕನಿಂದ ಕಾರ್ಡು ಬಂತು. ಕ್ಷೇಮ ಸಮಾಚಾರ, ಮಳೆ, ಎಮ್ಮೆ ಈದದ್ದು ಎಲ್ಲ ಬರೆದು, ತುದಿಯಲ್ಲಿ ಜಾಗ ಸಾಲದೆ ಅಡ್ಡಲಾಗಿ ಬರೆದಿದ್ದಳು: ‘ಕಥಿ ಮುಗೀತು ತಮ್ಮಾ. ಮನ್ಯಾಗ ಯಾರೋ ಊರಿಗಿ ಹ್ವಾದಂಗ ಆಗ್ಯಾದ.’

ಮನೆ ಬಿಟ್ಟು ಹೋದವಳು ಅವಳೇ. ಆದರೆ ಹೋದವಳಿಗೂ ಹಾಗೇ ಅನ್ನಿಸುತ್ತದೆ ಎಂಬುದು ಆ ಕಾರ್ಡಿನಿಂದ ನನಗೆ ತಿಳಿಯಿತು.

ಮಂಗಲ ಹಾಡುವ ಜಾಣತನ

ದೊಡ್ಡ ಕಥೆ ಮುಗಿದಾಗ ಮನಸ್ಸು ಬರಿದಾಗುತ್ತದೆ ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಶ್ರಾವಣ ಮಾಸ ಬಂತೆಂದರೆ ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚುತ್ತಾರೆ. ಭೀಮಕವಿಯ ಬಸವಪುರಾಣವೋ ಚಾಮರಸನ ಪ್ರಭುಲಿಂಗಲೀಲೆಯೋ, ದಿನವೂ ಸಂಜೆ ಸ್ವಲ್ಪ ಸ್ವಲ್ಪ ನಡೆಯುತ್ತದೆ. ಕೊನೆಯ ದಿನ ಸುಮ್ಮನೆ ಪುಸ್ತಕ ಮುಚ್ಚಿ ಎದ್ದು ಹೋಗುವುದಿಲ್ಲ. ಅಂದು ಪುರಾಣ ಮಂಗಲ. ಪಲ್ಲಕ್ಕಿ, ಭಜನೆ, ಊರಿಗೆಲ್ಲ ಊಟ. ಕಥೆಯನ್ನು ಊರೇ ಕೂಡಿ ಬೀಳ್ಕೊಡುತ್ತದೆ. ಮನೆಯ ಮೂಲೆಯಲ್ಲಿ ಒಂಟಿಯಾಗಿ ಕೊನೆಯ ಪುಟ ಮುಗಿಸುವ ಇಂದಿನ ಮಗುವಿಗೆ ಈ ಮಂಗಲದ ಭಾಗ್ಯವಿಲ್ಲ. ಅದಕ್ಕೇ ಅದರ ದುಃಖ ಹೆಚ್ಚು ಭಾರ.

ಕಥೆ ಇನ್ನಷ್ಟು ಬೇಕೆಂಬ ಹಟವೂ ಹೊಸದಲ್ಲ. ಗದುಗಿನ ಕುಮಾರವ್ಯಾಸ ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಹತ್ತನ್ನಷ್ಟೇ ಹಾಡಿ ನಿಲ್ಲಿಸಿದ. ನಾಡಿಗೆ ಉಳಿದದ್ದೂ ಬೇಕಿತ್ತು. ಮುಂದೆ ವಿಜಯನಗರದಲ್ಲಿ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಪೂರೈಸಿದ; ಅದೇ ‘ಕೃಷ್ಣರಾಯ ಭಾರತ’. ಇಂಗ್ಲೆಂಡಿನಲ್ಲಿ ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಜಲಪಾತದ ಬಳಿ ಸಾಯಿಸಿದಾಗ ಓದುಗರು ಸಿಟ್ಟಿನ ಪತ್ರಗಳನ್ನು ಬರೆದರು, ಪತ್ರಿಕೆಯ ಚಂದಾ ನಿಲ್ಲಿಸಿದರು. ಹತ್ತು ವರ್ಷದ ನಂತರ, 1903ರಲ್ಲಿ, ಹೋಮ್ಸ್ ಸತ್ತೇ ಇರಲಿಲ್ಲ ಎಂದು ಹೇಳಿ ಲೇಖಕ ಅವನನ್ನು ಮರಳಿ ಕರೆತರಬೇಕಾಯಿತು.

ಹಾಗಾದರೆ ಮುಗಿಯದ ಕಥೆಯೇ ಒಳ್ಳೆಯದೇ? ಚಂದಮಾಮದ ಬೇತಾಳನನ್ನೇ ನೋಡಿ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದಕ್ಕೆ ಮುಗಿಯುತ್ತವೆ. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ತೋಚದೆ ಮೌನವಾಗಿ ನಡೆಯುತ್ತಾನೆ. ಬೇತಾಳ ಅವನ ಧೈರ್ಯಕ್ಕೆ ಮೆಚ್ಚಿ, ಸನ್ಯಾಸಿಯ ಮೋಸವನ್ನು ತಿಳಿಸಿ ಜೀವ ಉಳಿಸುತ್ತಾನೆ. ಚಂದಮಾಮದಲ್ಲಿ ಮಾತ್ರ ಹೊಸ ಹೊಸ ಕಥೆ ಸೇರುತ್ತಾ ರಾಜ ದಶಕಗಟ್ಟಲೆ ಆ ಹೆಣವನ್ನು ಹೊತ್ತೇ ನಡೆದ. ಕಲಾವಿದ ಶಂಕರ್ ಬಿಡಿಸಿದ ಆ ಚಿತ್ರ ಯಾರಿಗೆ ನೆನಪಿಲ್ಲ? ಆದರೆ 2013ರ ಹೊತ್ತಿಗೆ ಪತ್ರಿಕೆಯೇ ನಿಂತುಹೋಯಿತು. ರಾಜನ ಹೆಗಲ ಹೊರೆ ಇಳಿಯಲೇ ಇಲ್ಲ. ಮುಗಿದ ಕಥೆಗೆ ಒಮ್ಮೆ ಅತ್ತು ಹಗುರಾಗಬಹುದು. ನಡುವೆ ನಿಂತ ಕಥೆಗೆ ಎಲ್ಲಿ ಅಳಬೇಕೆಂದೇ ತಿಳಿಯುವುದಿಲ್ಲ. ಸರಿಯಾಗಿ ಮುಗಿಸಿ ಕೊಟ್ಟವರಿಗೆ ನಾವು ಋಣಿಗಳಾಗಿರಬೇಕು.

ಬ್ಯಾಂಕಿನಲ್ಲಿದ್ದವನಿಗೆ ಇದು ಇನ್ನೊಂದು ರೀತಿಯಲ್ಲೂ ಅರ್ಥವಾಗುತ್ತದೆ. ನಮ್ಮ ಕಾಲದಲ್ಲಿ ಜೂನ್ 30 ಮತ್ತು ಡಿಸೆಂಬರ್ 31 ಬಂದರೆ ಲೆಕ್ಕ ಮುಗಿಸುವ ಗಡಿಬಿಡಿ. ಬಡ್ಡಿಯನ್ನೆಲ್ಲ ಕೈಯಿಂದಲೇ ಹಾಕಿ, ಲೆಡ್ಜರಿನ ಮೊತ್ತ ತಾಳೆಯಾಗುವ ತನಕ ರಾತ್ರಿ ಮನೆಗೆ ಹೋಗುವಂತಿರಲಿಲ್ಲ. ಹಳೆಯ ಲೆಡ್ಜರು ತುಂಬಿದಾಗ ಅದನ್ನು ಅಟ್ಟಕ್ಕೆ ಏರಿಸುತ್ತಿದ್ದೆವು, ಆದರೆ ಪ್ರತಿ ಖಾತೆಯ ಬಾಕಿಯನ್ನು ಹೊಸ ಲೆಡ್ಜರಿನ ಮೊದಲ ಸಾಲಿಗೆ ಒಯ್ದು ಬರೆದ ಮೇಲೆಯೇ. ಕಥೆಯ ಪುಸ್ತಕವೂ ಹಾಗೆ. ನಾಲ್ಕನೇ ಇಯತ್ತೆಯ ಅಕ್ಕ ಮರಾಠಿ ಲಿಪಿ ಕಲಿತಳಲ್ಲ, ಅದು ಆ ಧಾರಾವಾಹಿಯಿಂದ ಅವಳ ಬದುಕಿಗೆ ಬಂದ ಬಾಕಿ. ಮುಂದೆ ಗಂಡನ ಮನೆಯ ಹೊಲದ ಉತಾರ ಓದಿದವಳು ಅವಳೇ, ಮಕ್ಕಳಿಗೆ ಮರಾಠಿ ಶಾಲೆಯ ಪಾಠ ಹೇಳಿಕೊಟ್ಟವಳೂ ಅವಳೇ.

ಮನೆಯವರು ಏನು ಮಾಡಬಹುದು?

ಮಗು ಪುಸ್ತಕ ಮುಗಿಸಿ ಸಪ್ಪಗೆ ಕೂತರೆ ಮೊದಲು ನಗುವುದನ್ನು ಬಿಡಿ. ‘ಅವೆಲ್ಲ ಸುಳ್ಳು ಕಥೆ’ ಎನ್ನಬೇಡಿ. ಮಗುವಿಗೂ ಅದು ಗೊತ್ತು. ಅದಕ್ಕೆ ಬೇಕಾದದ್ದು ಕಥೆಯ ಬಗ್ಗೆ ಮಾತಾಡಲು ಒಬ್ಬರು. ನಿನಗೆ ಯಾರು ಹೆಚ್ಚು ಇಷ್ಟ, ಯಾರು ಸತ್ತಾಗ ದುಃಖವಾಯಿತು, ಕೊನೆ ಸರಿಯೆನ್ನಿಸಿತೇ ಎಂದು ಕೇಳಿ. ನೀವು ಆ ಪುಸ್ತಕ ಓದಿರಬೇಕೆಂದಿಲ್ಲ, ಕೇಳುವ ಕಿವಿ ಇದ್ದರೆ ಸಾಕು. ನನ್ನ ಮೊಮ್ಮಗಳು ಎರಡು ಸಂಜೆ ಕೂತು ಏಳು ಪುಸ್ತಕಗಳ ಕಥೆಯನ್ನೂ ನನಗೆ ಹೇಳಿದಳು. ಡಾಬಿ ಎಂಬ ಪುಟ್ಟ ಸೇವಕ ಸಾಯುವ ಜಾಗಕ್ಕೆ ಬಂದಾಗ ಅವಳ ಗಂಟಲು ಕಟ್ಟಿತು. ನಾನು ನೀರು ತಂದುಕೊಟ್ಟೆ. ಎರಡನೆಯ ಸಂಜೆ ಕಥೆ ಮುಗಿದಾಗ ಅವಳ ಅಜ್ಜಿ ಹೋಳಿಗೆ ಮಾಡಿದ್ದಳು. ಅದೇ ನಮ್ಮ ಮನೆಯ ಪುರಾಣ ಮಂಗಲ.

ಎರಡನೆಯದಾಗಿ, ಕೂಡಲೇ ಇನ್ನೊಂದು ಸರಣಿ ತಂದು ಕೈಗೆ ತುರುಕಬೇಡಿ. ನಾಲ್ಕು ದಿನ ಬಿಡಿ. ಬೇಕಾದರೆ ಮೊದಲ ಪುಸ್ತಕವನ್ನೇ ಮತ್ತೆ ಓದಲಿ. ಕೊನೆ ತಿಳಿದ ಮೇಲೆ ಮೊದಲು ಓದಿದರೆ ಆಗ ಕಾಣದ ಸುಳಿವುಗಳು ಈಗ ಕಾಣುತ್ತವೆ. ಬರೆಯುವ ಆಸೆಯಿದ್ದರೆ ಮುಂದಿನ ಕಂತನ್ನು ತಾನೇ ಬರೆಯಲಿ. ತಿಮ್ಮಣ್ಣ ಕವಿ ಮಾಡಿದ್ದೂ ಅದನ್ನೇ ಅಲ್ಲವೇ? ಆಮೇಲೆ ಬೇರೆ ಬಗೆಯ ಪುಸ್ತಕ ಕೊಡಿ. ನಾನು ಅವಳಿಗೆ ಕೊಟ್ಟದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಮಂತ್ರದಂಡವಿಲ್ಲ. ಹಾರುವ ಓತಿಯೊಂದನ್ನು ಹುಡುಕಿ ಕೆಲವರು ಕಾಡಿಗೆ ಹೋಗುತ್ತಾರೆ, ಅಷ್ಟೇ. ಆದರೆ ಮಂತ್ರವಿಲ್ಲದ ಕಾಡಿನಲ್ಲೂ ಬೆರಗು ಇರುತ್ತದೆಂದು ಅದು ತೋರಿಸುತ್ತದೆ.

ಮೂರನೆಯದು, ಮನೆಯ ಹಿರಿಯರನ್ನು ಈ ಮಾತಿನಲ್ಲಿ ಸೇರಿಸಿಕೊಳ್ಳಿ. ನಿಮ್ಮ ಅಜ್ಜ ಅಜ್ಜಿ ಯಾವುದೋ ಧಾರಾವಾಹಿಗೆ ಕಾದವರು, ಯಾವುದೋ ಬಯಲಾಟ ಬೆಳಗಿನ ಜಾವಕ್ಕೆ ಮುಗಿದಾಗ ಮನೆಗೆ ಹೋಗಲು ಮನಸ್ಸಾಗದೆ ಅಲ್ಲೇ ಕೂತವರು. ಕೇಳಿ ನೋಡಿ, ಹೇಳುತ್ತಾರೆ. ನನ್ನ ಅಕ್ಕನಿಗೆ ಈಗ ಕಣ್ಣು ಮಸುಕು. ಮೊಮ್ಮಗಳು ಹಳೆಯ ಚಂದಮಾಮದ ಸಂಚಿಕೆಯೊಂದನ್ನು ಎಲ್ಲಿಂದಲೋ ಹುಡುಕಿ ಮೊಬೈಲಿನಲ್ಲಿ ತೋರಿಸಿದ ಮೇಲೆ, ನಾನು ವಾರಕ್ಕೊಮ್ಮೆ ಫೋನಿನಲ್ಲಿ ಅವಳಿಗೆ ಒಂದು ಕಂತು ಓದುತ್ತಿದ್ದೇನೆ. ಎಪ್ಪತ್ತೆಂಟು ದಾಟಿದರೂ ಅವಳ ನೇಮ ಬದಲಾಗಿಲ್ಲ. ಆಸೆಗೆ ಬಿದ್ದು ಎರಡನೆಯದನ್ನು ಶುರು ಮಾಡಿದರೆ ‘ಸಾಕು ತಮ್ಮಾ, ಮುಂದಿನ ವಾರಕ್ಕ ಇರಲಿ’ ಎಂದು ಫೋನ್ ಇಡುತ್ತಾಳೆ.