ಅಚ್ಚೊತ್ತಿದ ಇರುಳು

ಕಳೆದ ಮಳೆಗಾಲದ ಒಂದು ರಾತ್ರಿ ಕಡಿಯಾಳಿಯಲ್ಲಿ ವಿದ್ಯುತ್ ಕೈಕೊಟ್ಟಿತ್ತು. ಮೇಣದ ಬತ್ತಿ ಹಚ್ಚಿಕೊಂಡು ಜಪಾನಿನ ಮರದಚ್ಚಿನ ಚಿತ್ರಗಳ ಪುಸ್ತಕವೊಂದನ್ನು ತಿರುವುತ್ತಿದ್ದೆ. ಹಿರೋಶಿಗೆ 1857ರಲ್ಲಿ ರಚಿಸಿದ ಚಿತ್ರವೊಂದರಲ್ಲಿ ದೃಷ್ಟಿ ನಿಂತಿತು. ವರ್ಷದ ಕೊನೆಯ ರಾತ್ರಿ, ಬೋಳುಮರದಡಿ ನರಿಗಳು ಕೂಡಿವೆ. ಒಂದೊಂದರ ಬಾಯ ಬಳಿಯೂ ಪುಟ್ಟ ಕಿಚ್ಚು. ಟ್ಯೂಬ್‌ಲೈಟಿನ ಕೆಳಗೆ ಹಲವು ಬಾರಿ ನೋಡಿದ್ದ ಚಿತ್ರವೇ ಆದರೂ ಅಂದೇ ಮೊದಲು ಕಂಡಂತಾಯಿತು.

ಆ ಕತ್ತಲೆ ತಾನಾಗಿ ಬಂದದ್ದಲ್ಲ. ಚೆರಿ ಮರದ ಹಲಗೆಗಳಲ್ಲಿ ಬಣ್ಣಬಣ್ಣಕ್ಕೂ ಬೇರೆ ಅಚ್ಚು ಕೊರೆಯುತ್ತಿದ್ದರು. ಮುದ್ರಕನು ಹಲಗೆಯ ಮೇಲಿನ ಬಣ್ಣವನ್ನು ನೀರಿನಿಂದ ಕ್ರಮೇಣ ತೆಳುವಾಗಿಸಿ, ಕಾಗದವಿಟ್ಟು ಕೈಯಿಂದ ಉಜ್ಜುತ್ತಿದ್ದನು. ಈ ವಿಧಾನಕ್ಕೆ ‘ಬೊಕಾಶಿ’ ಎಂದು ಹೆಸರು. ಅದಕ್ಕೂ ಹಿಂದಿನ ಚಿತ್ರಗಳಲ್ಲಿ ನೆರಳು ಅಪರೂಪ. ಕೈಯಲ್ಲೊಂದು ಲಾಂದ್ರವಿದ್ದರೆ ಇರುಳೆಂದು ನೋಡುಗನೇ ತಿಳಿಯಬೇಕಿತ್ತು. 1874ರಲ್ಲಿ ಟೋಕಿಯೊದ ಗಿಂಜಾ ಬೀದಿಗೆ ಗ್ಯಾಸ್ ದೀಪ ಬಂದಿತು. 1876ರಿಂದ 1881ರವರೆಗೆ ಕೊಬಯಾಶಿ ಕಿಯೊಚಿಕಾ ಆ ನಗರವನ್ನು ಅಚ್ಚಿಗಿಳಿಸಿದನು: ಹೊಳೆಯುವ ದೀಪ, ನೀರಿನಲ್ಲಿ ಅದರ ಬಿಂಬ, ಮುಖವಿಲ್ಲದ ಕರಿಯ ಆಕೃತಿಗಳಾಗಿ ಹಾದುಹೋಗುವ ಜನ. ಹೊಸ ಬೆಳಕು ಬಂದ ಮೇಲೆಯೇ ಕತ್ತಲೆಗೂ ಹೊಸ ಚಿತ್ರಕಾರ ಹುಟ್ಟಿದನೆನ್ನಬೇಕು.

ನಮ್ಮ ಯಕ್ಷಗಾನದ ರಂಗಸ್ಥಳಕ್ಕೂ ದೀವಟಿಗೆಯ ನಂತರ ಗ್ಯಾಸ್‌ಲೈಟು ಬಂದಿತು, ಬಳಿಕ ಟ್ಯೂಬ್‌ಲೈಟು, ಈಗ ಎಲ್‌ಇಡಿ. ಅಲ್ಲಿ ಅಂತಹ ಚಿತ್ರಕಾರನಾರೂ ಹುಟ್ಟಲಿಲ್ಲ. ರಾಕ್ಷಸನ ಮುಖದ ಮೇಲೆ ಗಂಟೆಗಟ್ಟಲೆ ಕುಳಿತು ಇಡುವ ಅಕ್ಕಿಹಿಟ್ಟಿನ ಚಿಟ್ಟಿಗಳು ಓಲಾಡುವ ಜ್ವಾಲೆಗೆಂದೇ ಹುಟ್ಟಿದವು. ಜ್ವಾಲೆ ಅಲುಗಿದಾಗ ಅವುಗಳ ನೆರಳೂ ಅಲುಗಿ ಮುಖಕ್ಕೆ ಜೀವ ಬರುತ್ತದೆ. ಅಲುಗದ ಬಿಳಿ ಬೆಳಕಿನಲ್ಲಿ ಅವು ಬರಿಯ ಹಿಟ್ಟು. 1933ರಲ್ಲಿ ಜಪಾನಿನ ಲೇಖಕ ತಾನಿಜಾಕಿ ನೆರಳನ್ನು ಕುರಿತು ಬರೆದ ಪ್ರಬಂಧದಲ್ಲಿ, ತಮ್ಮ ನಾಟಕಗಳ ಮೇಲೆ ಸುರಿಯುವ ವಿದ್ಯುತ್ ಬೆಳಕಿನ ಬಗ್ಗೆ ಇಂಥದೇ ಅಳಲು ತೋಡಿಕೊಂಡಿದ್ದರು.

ನಾನೂ ನಿರ್ದೋಷಿಯಲ್ಲ. ಸೇವೆಯಲ್ಲಿದ್ದಾಗ ದೀಪಗಳ ಕಡತಗಳಿಗೆ ಸಂತೋಷದಿಂದಲೇ ಸಹಿ ಹಾಕಿದ್ದೇನೆ. ಅರ್ಥಶಾಸ್ತ್ರ ಓದಿದವನಿಗೆ ಬೆಳಕು ಲೆಕ್ಕಕ್ಕೆ ಸಿಗುವ ಸರಕು. ಕತ್ತಲೆಗೆ ಯಾವ ಆಯವ್ಯಯದಲ್ಲೂ ಶೀರ್ಷಿಕೆಯಿಲ್ಲ. ರಾತ್ರಿ ಒಂಟಿಯಾಗಿ ಮನೆಗೆ ನಡೆಯುವ ಹೆಣ್ಣುಮಗಳಿಗೆ ಬೀದಿದೀಪ ಬೇಕು, ಅದರಲ್ಲಿ ಎರಡು ಮಾತಿಲ್ಲ. ರಂಗಸ್ಥಳಕ್ಕೂ ಅದೇ ನ್ಯಾಯವೇ?

ಕಡಿಯಾಳಿಯ ದೇವಿ ಮಹಿಷಮರ್ದಿನಿ. ‘ದೇವಿ ಮಹಾತ್ಮೆ’ಯ ಆಟದಲ್ಲಿ ಆಕೆಯ ವೈರಿ ಸಭೆಯ ಹಿಂಬದಿಯಿಂದ, ದೊಂದಿಗಳ ನಡುವೆ ಅಬ್ಬರಿಸುತ್ತ ಬರುತ್ತಾನೆ. ರಾಳದ ಪುಡಿ ಎರಚಿದಾಗ ಭುಗಿಲೆದ್ದ ಉರಿಯಲ್ಲಿ ಕೋಡು ಕಾಣುತ್ತದೆ, ಮರುಕ್ಷಣ ಇಲ್ಲ. ಕೆಲವೆಡೆ ಆ ಹೊತ್ತಿಗೆ ವಿದ್ಯುದ್ದೀಪಗಳನ್ನು ಆರಿಸುವುದುಂಟು. ಅವನು ರಂಗಸ್ಥಳ ಏರಿದೊಡನೆ ಮತ್ತೆ ಸ್ವಿಚ್ಚು ಒತ್ತುವ ಆ ಕೈಯನ್ನು ಹತ್ತು ನಿಮಿಷ ತಡೆಯಿರೆಂದು ಸಂಘಟಕರಲ್ಲಿ ನನ್ನದೊಂದು ಅರ್ಜಿ.