ಕಲಿಯುವವರೇ ಕಲಿಸುವವರು



ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿರುವ ನಿಮ್ಮಲ್ಲಿ ಅನೇಕರು ಬೆಳಿಗ್ಗೆ ದನಗಳಿಗೆ ಕಣಿಕಿ ಹಾಕಿಯೇ ಶಾಲೆಗೆ ಹೊರಡುತ್ತೀರಿ. ವಾಡಿ, ಶಹಾಬಾದಿನಂಥ ಊರಿನ ಗೆಳೆಯರ ಮನೆಯಲ್ಲಿ ದನಕರು ಇಲ್ಲದಿರಬಹುದು. ಒಂದೇ ಬೆಂಚಿನಲ್ಲಿ ಕೂಡುವ ನೀವು ಪಶುಗಳ ಆರೋಗ್ಯ, ಆಹಾರದ ಪಾಠವನ್ನು ಒಬ್ಬರಿಗೊಬ್ಬರು ಹೇಳಿಕೊಡಬಹುದೇ?

ಹೀಗೆ ಕಲಿಸುವುದು ನಮಗೆ ಹೊಸದಲ್ಲ. ಹಿಂದಿನ ಗಾಂವಠಿ ಶಾಲೆಗಳಲ್ಲಿ ಹಿರಿಯ ಹುಡುಗರೇ ಕಿರಿಯರಿಗೆ ಅಕ್ಷರ ತಿದ್ದಿಸುತ್ತಿದ್ದರು. ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಇಂಥದೇ ಕ್ರಮವನ್ನು ಬಳಸಿ, 1797ರಲ್ಲಿ ಅದರ ವಿವರಗಳನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದರು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಉದ್ದೇಶವೂ ಇದಕ್ಕೆ ಹತ್ತಿರವಾದುದೇ. 10ರಿಂದ 17 ವರ್ಷದ ಮಕ್ಕಳು ತಮ್ಮೂರಿನ ಸಮಸ್ಯೆಯೊಂದನ್ನು ಅಭ್ಯಸಿಸಿ, ತಮ್ಮ ಭಾಷೆಯಲ್ಲೇ ಇತರರ ಮುಂದೆ ಮಂಡಿಸುತ್ತಾರೆ.

ಆದರೆ ಇಲ್ಲೊಂದು ಅಪಾಯವಿದೆ. ಸರಿಯಾದ ಮಾತಿನಷ್ಟೇ ಬೇಗ ಅರೆಬರೆ ಮಾತೂ ಹರಡುತ್ತದೆ. ‘ಹಸಿರು ಮೇವು ದನಕ್ಕೆ ಒಳ್ಳೆಯದು’ ಎಂದು ನೀವು ಗೆಳತಿಗೆ ಹೇಳುತ್ತೀರಿ ಎನ್ನೋಣ. ಮಾತು ನಿಜ. ಆದರೆ ಮಳೆಯಿಲ್ಲದೆ ಸೊರಗಿದ ಎಳೆಯ ಜೋಳವೂ, ಕೊಯ್ದ ಬುಡದಿಂದ ಮತ್ತೆ ಚಿಗುರಿದ ಕೂಳೆ ಜೋಳವೂ ಹಸಿರೇ ಅಲ್ಲವೇ? ಅವುಗಳಲ್ಲಿ ‘ಧುರ್ರಿನ್’ ಎಂಬ ವಸ್ತು ಹೆಚ್ಚಾಗಿರುತ್ತದೆ. ದನ ಅಗಿದಾಗ ಸಸ್ಯದ ಜೀವಕೋಶಗಳು ಒಡೆದು, ಅದರಿಂದ ಹೈಡ್ರೋಜನ್ ಸಯನೈಡ್ ಎಂಬ ವಿಷ ಬಿಡುಗಡೆಯಾಗುತ್ತದೆ. ಅದು ರಕ್ತ ಸೇರಿದರೆ, ರಕ್ತದಲ್ಲಿ ಆಮ್ಲಜನಕ ಇದ್ದರೂ ದೇಹದ ಜೀವಕೋಶಗಳು ಅದನ್ನು ಬಳಸಲಾರವು. ದನ ಏದುಸಿರು ಬಿಡುತ್ತದೆ, ನಡುಗುತ್ತದೆ, ಕುಸಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಸಾಯಲೂಬಹುದು. ಅದಕ್ಕೆ ಮದ್ದಿನ ಚುಚ್ಚುಮದ್ದು ಇದೆ. ಆದರೆ ಪಶುವೈದ್ಯರು ಸಕಾಲಕ್ಕೆ ಬರಬೇಕು. ಒಂದು ಜೋಡಿ ಎತ್ತಿನ ಮೇಲೆ ನಿಂತಿರುವ ಮನೆಗೆ ಇದು ಎಂಥ ಹೊಡೆತವೆಂಬುದನ್ನು ಯೋಚಿಸಿ.

ಹಾಗಾದರೆ ಪೂರ್ಣ ಪಾಠ ಯಾವುದು? ಜೋಳ ಹೂಬಿಡುವವರೆಗೆ ದನಗಳನ್ನು ಅದರಲ್ಲಿ ಬಿಡಬಾರದು. ಚೆನ್ನಾಗಿ ಒಣಗಿಸಿದರೆ ವಿಷ ಬಹಳಷ್ಟು ಇಳಿಯುತ್ತದೆ. ಬಲಿತು ಒಣಗಿದ ಕಣಿಕಿಯಿಂದ ಈ ಭಯವಿಲ್ಲ. ‘ಯಾವಾಗ?’, ‘ಏಕೆ?’ ಎಂಬ ಎರಡು ಪ್ರಶ್ನೆಗಳು ಅರೆ ಪಾಠವನ್ನು ಪೂರ್ಣಗೊಳಿಸಿದವು. ಈ ಪ್ರಶ್ನೆಗಳನ್ನು ದನವೇ ಇಲ್ಲದ ಮನೆಯ ಗೆಳತಿ ಕೇಳಬಲ್ಲಳು. ಏಕೆಂದರೆ ಅವಳಿಗೆ ಯಾವುದೂ ‘ಗೊತ್ತಿದ್ದದ್ದೇ’ ಅಲ್ಲ.

ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ‘ನಮ್ಮ ಶಹಾಬಾದಿನ ನೆಲವೆಲ್ಲ ಸುಣ್ಣದಕಲ್ಲು. ನಿಮ್ಮ ಹಸುವಿಗೆ ಸುಣ್ಣದಂಶ ಹೇಗೆ ಕಡಿಮೆಯಾದೀತು?’ ಒಂದು ಲೀಟರ್ ಹಾಲಿನೊಂದಿಗೆ ಹಸುವಿನ ದೇಹದಿಂದ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಹೊರಹೋಗುತ್ತದೆ. ಅದು ಮೇವಿನಿಂದಲೇ ತುಂಬಬೇಕು. ನೆಲದಲ್ಲಿ ಕಲ್ಲಿದ್ದ ಮಾತ್ರಕ್ಕೆ ಕಣಿಕಿಯಲ್ಲಿ ಸಾಕಷ್ಟು ಕ್ಯಾಲ್ಸಿಯಂ ಬಂದುಬಿಡುವುದಿಲ್ಲ. ಕಣಿಕಿಯ ಜೊತೆ ನಮ್ಮ ಸೀಮೆಯ ತೊಗರಿ ಹೊಟ್ಟು, ವೈದ್ಯರು ಹೇಳಿದ ಅಳತೆಯ ಖನಿಜ ಮಿಶ್ರಣ ಸೇರಿದರೆ ಆಹಾರ ಸಮತೋಲವಾಗುತ್ತದೆ. ಗಣಿಯ ಪುಡಿಯನ್ನು ಮಾತ್ರ ತಂದು ತಿನ್ನಿಸಬೇಡಿ. ಅದರಲ್ಲಿ ಬೇರೆ ಏನೇನಿದೆಯೋ ತಿಳಿಯದು.

ನೀವು ಪಾಠ ಹೇಳುವ ಮುನ್ನ ಮೂರು ಕೆಲಸ ಮಾಡಿ. ಮೊದಲು, ಕಣ್ಣಾರೆ ನೋಡಿ ಬರೆದಿಡಿ. ಆರೋಗ್ಯವಂತ ಹಸು ಒಂದು ತುತ್ತು ಮೆಲುಕನ್ನು ಸುಮಾರು 40ರಿಂದ 60 ಸಲ ಅಗಿಯುತ್ತದೆ, ಎಣಿಸಿ ನೋಡಿ. ಮೆಲುಕು ನಿಂತಿದ್ದರೆ ಅದು ಕಾಯಿಲೆಯ ಸೂಚನೆ ಇರಬಹುದು. ಎರಡನೆಯದು, ಬರೆದದ್ದನ್ನು ವಿಜ್ಞಾನದ ಶಿಕ್ಷಕರಿಗೂ ಪಶುವೈದ್ಯರಿಗೂ ತೋರಿಸಿ. ಮೂರನೆಯದು, ಕೇಳಿದ ಗೆಳೆಯನಿಂದಲೇ ಪಾಠವನ್ನು ಮರಳಿ ಹೇಳಿಸಿ. ಅವನು ತಡವರಿಸಿದ ಕಡೆ ನಿಮ್ಮ ವಿವರಣೆಯೂ ಸಡಿಲವಾಗಿರುತ್ತದೆ.

ಒಂದು ಎಚ್ಚರಿಕೆ: ಜೊಲ್ಲು ಸುರಿಸುತ್ತ ನುಂಗಲಾರದ ದನದ ಬಾಯಿಗೆ ಕೈ ಹಾಕಬೇಡಿ, ಅದು ರೇಬೀಸ್ ಇದ್ದೀತು. ಚಿಕಿತ್ಸೆ ವೈದ್ಯರ ಕೆಲಸ. ಗುರುತಿಸಿ ಬೇಗ ತಿಳಿಸುವುದು ನಿಮ್ಮ ಕೆಲಸ. ಪಶು ಸಹಾಯವಾಣಿಯ ಸಂಖ್ಯೆ 1962.

ದೂರದರ್ಶನದ ಭಾಷಣವನ್ನು ಕೇಳಿ ಮರೆಯುವುದು ಸುಲಭ. ನಾಳೆ ಅದನ್ನು ಪಕ್ಕದವರಿಗೆ ಹೇಳಿಕೊಡಬೇಕೆಂದು ಕೇಳಿ ನೋಡಿ. ಆಗ ಕಿವಿಯೇ ಬೇರೆಯಾಗುತ್ತದೆ.