ಮಣಿಯದ ಜ್ಯಾಮಿತಿ

ನಾಲ್ಕು ಕಡ್ಡಿಗಳ ತುದಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ಚೌಕ ಮಾಡಿ. ಮೂಲೆಯನ್ನು ಒತ್ತಿದರೆ ಅದು ವಜ್ರಾಕೃತಿಯಾಗುತ್ತದೆ. ಮೂರು ಕಡ್ಡಿಗಳ ತ್ರಿಭುಜವಾದರೋ ಜಗ್ಗುವುದಿಲ್ಲ. ಬಾಹುಗಳ ಉದ್ದ ತಿಳಿದರೆ ಆಕಾರ ನಿಗದಿಯಾಯಿತು. ಇದೇ ದೃಢತೆ. ಯಾವ ಉದ್ದವನ್ನೂ ಹೇಳದೆ, ಒಂದು ವಸ್ತು ಹೇಗೆ ಹೆಣೆದುಕೊಂಡಿದೆ ಎಂದಷ್ಟೇ ಹೇಳಿದರೆ ಅದರ ಅಳತೆಗಳೆಲ್ಲ ನಿಗದಿಯಾಗಬಹುದೇ?

ಯೂಕ್ಲಿಡ್‌ನ ಜ್ಯಾಮಿತಿಯಲ್ಲಿ ಸಾಧ್ಯವಿಲ್ಲ; ಯಾವ ಚಿತ್ರವನ್ನಾದರೂ ಎರಡರಷ್ಟು ಹಿಗ್ಗಿಸಬಹುದು. ಅತಿಪರವಲಯ ಜ್ಯಾಮಿತಿಯ ರೀತಿ ಬೇರೆ. ಅಲ್ಲಿ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. ಆ ಕೊರತೆಯೇ ವಿಸ್ತೀರ್ಣದ ಅಳತೆ. ಮೂರು ಕೋನಗಳು ಸಮವಾದರೆ ತ್ರಿಭುಜಗಳು ಸರ್ವಸಮವೇ. ನಾವು ತರಗತಿಯಲ್ಲಿ ಕಲಿಸುವ ‘ಸಮರೂಪ ತ್ರಿಭುಜ’ಗಳ ಅಧ್ಯಾಯಕ್ಕೆ ಅಲ್ಲಿ ಕೆಲಸವಿಲ್ಲ!

ಆದರೂ ಎರಡು ಆಯಾಮಗಳಲ್ಲಿ ಪೂರ್ಣ ದೃಢತೆಯಿಲ್ಲ. ಎರಡು ಉದ್ದಿನವಡೆಗಳನ್ನು ಅಂಟಿಸಿದಂತಿರುವ, ಎರಡು ತೂತಿನ ಮೇಲ್ಮೈಯನ್ನು ತೆಗೆದುಕೊಳ್ಳಿ. ವಕ್ರತೆ −1 ಎಂದಿಟ್ಟರೆ ವಿಸ್ತೀರ್ಣ 4π ಎಂದು ನಿಗದಿಯಾಗುತ್ತದೆ. ಆಕಾರವನ್ನು ಮಾತ್ರ ಆರು ಸಂಖ್ಯೆಗಳಿಂದ ಬೇಕಾದಂತೆ ತಿದ್ದಬಹುದು.

ಮೂರು ಅಥವಾ ಹೆಚ್ಚು ಆಯಾಮಗಳಲ್ಲಿ ಈ ಸ್ವಾತಂತ್ರ್ಯ ಇಲ್ಲವಾಗುತ್ತದೆ ಎಂದು ಅಮೆರಿಕದ ಜಾರ್ಜ್ ಮೋಸ್ಟೋ 1968ರಲ್ಲಿ ಸಾಧಿಸಿದರು. ಎರಡು ಸಂವೃತ ಅತಿಪರವಲಯ ಅವಕಾಶಗಳ ಹೆಣಿಗೆ ಒಂದೇ ಆದರೆ ಅವುಗಳ ಎಲ್ಲ ದೂರಗಳೂ ಒಂದೇ. ಅಂಚು ಅನಂತಕ್ಕೆ ಚಾಚಿದ್ದರೂ ಘನಫಲ ಸೀಮಿತವಾಗಿರುವ ಅವಕಾಶಗಳಿಗೆ ಇದನ್ನು 1973ರಲ್ಲಿ ವಿಸ್ತರಿಸಿದವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಗೋಪಾಲ್ ಪ್ರಸಾದ್. ಗಂಟುಗಳ ಅಧ್ಯಯನಕ್ಕೆ ಬೇಕಾದದ್ದು ಈ ವಿಸ್ತರಣೆಯೇ. ಎಂಟರ ಆಕಾರದ ಗಂಟಿನ ಸುತ್ತಲಿನ ಅವಕಾಶದ ಅತಿಪರವಲಯ ಘನಫಲ 2.0298... ದಾರವನ್ನು ಕಡಿಯದೆ ಎಷ್ಟೇ ಎಳೆದಾಡಿದರೂ ಈ ಸಂಖ್ಯೆ ಕದಲದು. ಎರಡು ಗಂಟುಗಳ ಘನಫಲ ಬೇರೆಯಾದರೆ ಅವು ಬೇರೆ ಗಂಟುಗಳೆಂದು ಕಣ್ಣುಮುಚ್ಚಿ ಹೇಳಬಹುದು.

ಕಾರಣವೇನು? ಇಂಥ ಅವಕಾಶವನ್ನು ಬಿಚ್ಚಿ ಹರಡಿದರೆ ಅದರ ಪ್ರತಿಗಳು ಹಾಸುಗಲ್ಲುಗಳಂತೆ ಇಡೀ ಅತಿಪರವಲಯ ಅವಕಾಶವನ್ನು ತುಂಬುತ್ತವೆ. ಒಂದು ಕಲ್ಲನ್ನು ಇನ್ನೊಂದರ ಜಾಗಕ್ಕೆ ಒಯ್ಯುವ ಚಲನೆಗಳದು ಒಂದು ಗುಂಪು. ಈ ಗುಂಪು ಅನಂತದಲ್ಲಿರುವ ದಿಗಂತವನ್ನೂ ಕಲಕುತ್ತದೆ. ಮೂರು ಆಯಾಮಗಳಲ್ಲಿ ಆ ದಿಗಂತ ಒಂದು ಗೋಳ. ಕಲಕುವಿಕೆ ಎಷ್ಟು ಚೆನ್ನಾಗಿದೆಯೆಂದರೆ, ಗುಂಪಿನ ಎಲ್ಲ ಚಲನೆಗಳಿಗೂ ಬದಲಾಗದೆ ಉಳಿಯುವ ಭಾಗದ ವಿಸ್ತೀರ್ಣ ಒಂದೋ ಸೊನ್ನೆ, ಇಲ್ಲವೇ ಇಡೀ ಗೋಳದ್ದು. ಇದಕ್ಕೆ ಎರ್ಗೋಡಿಕ್ ಗುಣ ಎಂದು ಹೆಸರು. ಭೌತವಿಜ್ಞಾನ ಪಾಠ ಮಾಡುವ ನನಗೆ ಅನಿಲಗಳ ಬೋಲ್ಟ್ಸ್‌ಮನ್ ಇಲ್ಲಿ ಎದುರಾದದ್ದು ಅಚ್ಚರಿಯೇ.

ಈಗ ಹೆಣಿಗೆ ಒಂದೇ ಆಗಿರುವ ಎರಡು ಅವಕಾಶಗಳಿವೆ ಎನ್ನಿ. ಅವುಗಳ ಹೊಂದಾಣಿಕೆ ಒಂದರ ದಿಗಂತಗೋಳವನ್ನು ಇನ್ನೊಂದರದಕ್ಕೆ ಒಯ್ಯುತ್ತದೆ. ಆಗ ಅತಿ ಸಣ್ಣ ವೃತ್ತಗಳು ದೀರ್ಘವೃತ್ತಗಳಾಗಬಹುದು. ಅವುಗಳ ಅಕ್ಷಗಳ ಅನುಪಾತವನ್ನು ಗುಂಪು ಬದಲಿಸದು. ಆದ್ದರಿಂದ ಅದು ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಇರಬೇಕು. ಅನುಪಾತ 1ಕ್ಕಿಂತ ಹೆಚ್ಚಿದ್ದರೆ ದೀರ್ಘಾಕ್ಷಗಳು ಗೋಳದ ಮೇಲೆ ಗುಂಪು ಕದಲಿಸದ ದಿಕ್ಕುಗಳನ್ನು ಗುರುತಿಸಿಬಿಡುತ್ತವೆ. ಆದರೆ ಗುಂಪು ಬಿಂದುಗಳ ಜೊತೆಗೆ ದಿಕ್ಕುಗಳನ್ನೂ ಕಲಕುತ್ತದೆ! ಹಾಗಾಗಿ ಅನುಪಾತ 1, ವೃತ್ತ ವೃತ್ತವಾಗಿಯೇ ಉಳಿಯುತ್ತದೆ. ದಿಗಂತದಲ್ಲಿ ಹೀಗಾದರೆ ಒಳಗೆ ದೂರಗಳು ಸಮ.

ಎರಡು ಆಯಾಮಗಳಲ್ಲಿ ದಿಗಂತ ಬರಿಯ ಒಂದು ವೃತ್ತ. ಅದರ ಮೇಲೆ ಪ್ರತಿ ಬಿಂದುವಿನಲ್ಲಿ ಸಾಗಲು ಇರುವುದು ಒಂದೇ ಗೆರೆ. ಯಾವ ದಿಕ್ಕಿನಲ್ಲಿ ಹೆಚ್ಚು ಹಿಗ್ಗಿತು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಮ್ಮ ವಾದವೂ ಅಲ್ಲಿಗೇ ನಿಲ್ಲುತ್ತದೆ.